ಹೊಗೆ ಹೋದ ಮೇಲೆ ಕಾಣುವ ಬಿಳಿ ಮಚ್ಚೆ

ಕಿಟಕಿ ಮುಚ್ಚಿ, ಗ್ಯಾಸ್ ಗೀಸರ್ ಹಚ್ಚಿಕೊಂಡು ಸ್ನಾನಕ್ಕೆ ಹೋದವರು ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕುಡಿದು ಬಚ್ಚಲಲ್ಲೇ ಎಚ್ಚರ ತಪ್ಪಿ ಬಿದ್ದರು ಅನ್ನೋ ಸುದ್ದಿಯನ್ನು ಬೆಂಗಳೂರಿನಲ್ಲಿ ಆಗಾಗ ಓದುತ್ತೇವೆ. ಬೇಗ ಆಸ್ಪತ್ರೆ ಸೇರಿ ಆಮ್ಲಜನಕ ಸಿಕ್ಕರೆ ಎಷ್ಟೋ ಜನ ಎದ್ದು ಕೂರುತ್ತಾರೆ. ಗಂಡಾಂತರ ಕಳೀತು ಅಂತ ಮನೆಯವರು ಉಸಿರು ಬಿಡುತ್ತಾರೆ. ಕೆಲವರಿಗೆ ಕಳೆದಿರುವುದಿಲ್ಲ.

ಇದು ದಕ್ಷಿಣ ಕೊರಿಯಾದವರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಮನೆಯ ನೆಲವನ್ನೇ ಕೆಳಗಿನಿಂದ ಬೆಚ್ಚಗೆ ಮಾಡುವ ಪದ್ಧತಿ ಇದೆ, ಅದಕ್ಕೆ ಒಂದೋಲ್ ಅಂತಾರೆ. ಕೆಲವು ದಶಕಗಳ ಹಿಂದೆ ಅದಕ್ಕೆ ತೂತು ತೂತಿನ ಕಲ್ಲಿದ್ದಲ ಬಿಲ್ಲೆಗಳನ್ನು ಉರಿಸುತ್ತಿದ್ದರು, ನೆಲದಲ್ಲಿ ಬಿರುಕು ಬಿಟ್ಟಿದ್ದರೆ ಬಣ್ಣ, ವಾಸನೆ ಏನೂ ಇಲ್ಲದ ಇದೇ ಕಾರ್ಬನ್ ಮಾನಾಕ್ಸೈಡ್ ಮಲಗಿದವರ ಕೋಣೆಗೇ ನುಸುಳುತ್ತಿತ್ತು. ಚೋಯ್ ಎಂಬ ವೈದ್ಯರು 1983ರಲ್ಲಿ ಇಂಥ 2,360 ಜನರ ವಿವರ ಪ್ರಕಟಿಸಿದರು. ಅವರಲ್ಲಿ 65 ಜನ ಚೇತರಿಸಿಕೊಂಡು, ಸರಾಸರಿ ಮೂರು ವಾರ ಚೆನ್ನಾಗೇ ಇದ್ದು, ಆಮೇಲೆ ಕುಸಿದಿದ್ದರು. ಮರೆವು, ಪುಟ್ಟ ಪುಟ್ಟ ಹೆಜ್ಜೆಯ ನಡಿಗೆ, ಬಟ್ಟೆಯಲ್ಲೇ ಮೂತ್ರ. ಕೆಲವರು ಮಾತೇ ಆಡದೆ ಸುಮ್ನೆ ಕೂತುಬಿಡುತ್ತಿದ್ದರು.

ವಿಷ ಹೋಗಿ ಮೂರು ವಾರ ಆದಮೇಲೆ ಯಾಕೆ? ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದರೂ ಆಮ್ಲಜನಕ ಕೊಟ್ಟರೆ ಗಂಟೆಗಳಲ್ಲಿ ಬಿಟ್ಟುಹೋಗುತ್ತದೆ. ಉಳಿಯುವುದು ಅದು ಹಚ್ಚಿಟ್ಟ ಉರಿಯೂತ. ಮೆದುಳಿನ ನರತಂತುಗಳಿಗೆ, ವೈರಿನ ಮೇಲಿನ ಪ್ಲಾಸ್ಟಿಕ್ಕಿನ ಹಾಗೆ, ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದಲ್ವಾ, ಅದು ನಿಧಾನಕ್ಕೆ ಸವೆಯತೊಡಗುತ್ತದೆ.

ಇಲ್ಲೇ ಎಂಆರ್‌ಐ ಬೇಕಾಗುವುದು. ಮೊದಲ ದಿನಗಳ ಚಿತ್ರದಲ್ಲಿ ಹೆಚ್ಚಾಗಿ ಪೆಟ್ಟು ಕಾಣುವುದು ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದಲ್ಲಿ, ಅದೂ ಮೆದುಳಿನ ಎರಡೂ ಕಡೆ. ಅದು ಚೊಕ್ಕವಾಗಿದ್ದರೂ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ತಡವಾಗಿ ಬರುವ ಹಾನಿ ಕಾಣುವುದು ಬೇರೆ ಕಡೆ, ಮೆದುಳಿನ ಒಳಗಿನ ಬಿಳಿ ಭಾಗದಲ್ಲಿ, ಎರಡೂ ಬದಿ ಹರಡಿದ ಬೆಳ್ಳನೆಯ ಮಚ್ಚೆಯಾಗಿ. ನೀರಿನ ಕಣಗಳು ಹೇಗೆ ಹರಿದಾಡುತ್ತವೆ ಎಂದು ಅಳೆಯುವ ಇನ್ನೊಂದು ಬಗೆಯ ಸ್ಕ್ಯಾನ್ ಇದೆ. ಗಟ್ಟಿಮುಟ್ಟಾದ ತಂತುಗಳ ಕಟ್ಟಿನಲ್ಲಿ ನೀರು ಉದ್ದುದ್ದಕ್ಕೇ ಸರಾಗವಾಗಿ ಹೋಗುತ್ತದೆ, ಹೊದಿಕೆ ಕಿತ್ತುಹೋದಲ್ಲಿ ಆ ದಿಕ್ಕು ಮಸುಕಾಗುತ್ತದೆ. ಮಾಮೂಲಿ ಚಿತ್ರದಲ್ಲಿ ಕಣ್ಣಿಗೆ ಬೀಳದ ಹಾನಿಯನ್ನೂ ಈ ಲೆಕ್ಕ ತೋರಿಸಬಲ್ಲದು. ಹಾಗಾಗಿ ಕೆಲವು ವಾರ ಬಿಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಹಳೆಯದರ ಪಕ್ಕ ಇಟ್ಟು ನೋಡುವುದಕ್ಕೆ ತುಂಬಾ ಬೆಲೆ ಇದೆ.

ತೊಂದರೆ ಏನೆಂದರೆ, ತಿಂಗಳ ನಂತರ ಅಜ್ಜಿಗೆ ಮರೆವು ಶುರುವಾದರೆ ಅದನ್ನು ವಯಸ್ಸಿನ ಮೇಲೆ ಹಾಕುತ್ತೇವೆ. ಅವತ್ತು ಬಚ್ಚಲಲ್ಲಿ ಬಿದ್ದಿದ್ದು ಯಾರ ನೆನಪಿಗೂ ಬರುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ದಯವಿಟ್ಟು ಹೇಳಿ. ಚೋಯ್ ಆಮೇಲೂ ಗಮನಿಸುತ್ತಾ ಬಂದ 36 ಜನರಲ್ಲಿ ಮುಕ್ಕಾಲು ಪಾಲು ಒಂದು ವರ್ಷದೊಳಗೆ ಸುಧಾರಿಸಿದ್ದರು. ಇಂಥವರು ಮತ್ತೆ ಮಾತಾಡಿ ನಡೆದಾಡತೊಡಗಿದ ಮೇಲೂ ಕೆಲವೊಮ್ಮೆ ಸ್ಕ್ಯಾನಿನಲ್ಲಿ ಆ ಬಿಳಿ ಮಚ್ಚೆ ಇನ್ನೂ ಉಳಿದಿರುತ್ತದೆ.