ನೀರು ಬೆರೆಸಿದ ಸಿರಪ್‌ಗೆ ಎಕ್ಸ್‌ಪೈರಿ ಯಾವುದು?

ಪ್ರಶ್ನೆ: ಮಗುವಿನ ಆ್ಯಂಟಿಬಯಾಟಿಕ್ ಡ್ರೈ ಸಿರಪ್‌ನ ಎಕ್ಸ್‌ಪೈರಿ ಮುಂದಿನ ವರ್ಷಕ್ಕಿದೆ. ನೀರು ಬೆರೆಸಿ ಮೂರು ವಾರವಾಯಿತು, ಅರ್ಧ ಬಾಟಲಿ ಉಳಿದಿದೆ. ಎತ್ತಿಟ್ಟುಕೊಳ್ಳಬಹುದೇ?

ಉತ್ತರ: ಬೇಡ. ಬಾಟಲಿಯ ಮೇಲೆ ಅಚ್ಚಾದ ತಾರೀಖು ಒಣ ಪುಡಿಗೆ ಮಾತ್ರ. ನೀರು ಬಿದ್ದ ಗಳಿಗೆಯಿಂದ ಬೇರೆಯೇ ಲೆಕ್ಕ.

ಇಂಥ ಆ್ಯಂಟಿಬಯಾಟಿಕ್‌ಗಳಲ್ಲೊಂದಾದ ಅಮಾಕ್ಸಿಸಿಲಿನ್‌ನ ಶಕ್ತಿಯೆಲ್ಲ ಬೀಟಾ-ಲ್ಯಾಕ್ಟಮ್ ಎಂಬ ಪುಟ್ಟ ಉಂಗುರದಲ್ಲಿದೆ: ಮೂರು ಇಂಗಾಲ, ಒಂದು ಸಾರಜನಕ. ನಾಲ್ಕೇ ಪರಮಾಣುಗಳಾದ್ದರಿಂದ ಬಂಧಗಳು ಬಿಗಿದುಕೊಂಡಿರುತ್ತವೆ. ಬ್ಯಾಕ್ಟೀರಿಯಾದ ಕೋಶಭಿತ್ತಿ ಕಟ್ಟುವ ಕಿಣ್ವಕ್ಕೆ ಅದು ಕಚ್ಚಿಕೊಳ್ಳುವುದು ಈ ಬಿಗಿತದಿಂದಲೇ. ನೀರಿನಲ್ಲಿ ನಿಧಾನವಾಗಿ ಒಡೆಯುವುದೂ ಅದರಿಂದಲೇ. ಒಡೆದ ಉಂಗುರಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಕೆಲವು ಸಿರಪ್‌ಗಳಲ್ಲಿ ಅದರ ಜೊತೆ ಸೇರಿಸಿರುವ ಕ್ಲಾವುಲನಿಕ್ ಆಮ್ಲ ಎಂಬ ಔಷಧಿ ಇನ್ನೂ ಬೇಗ ಕೆಡುತ್ತದೆ. ಹಾಗಾಗಿ ಬರೀ ಅಮಾಕ್ಸಿಸಿಲಿನ್‌ಗೆ 14 ದಿನ ಎಂದು ಬರೆದಿರುವ ಕಡೆಯೂ ಈ ಜೋಡಿಗೆ ಸಾಮಾನ್ಯವಾಗಿ 7 ಅಥವಾ 10 ದಿನ ಮಾತ್ರ.

ಫ್ರಿಜ್‌ನ 2ರಿಂದ 8 ಡಿಗ್ರಿ ಸೆಲ್ಸಿಯಸ್ ಈ ಒಡೆತವನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಫ್ರೀಜರ್‌ನಲ್ಲಿ ಇಡಲೇಬೇಡಿ. ಎಲ್ಲ ಸಿರಪ್‌ಗೂ ಫ್ರಿಜ್ ಎಂದುಕೊಳ್ಳುವುದೂ ತಪ್ಪು: ಕ್ಲಾರಿಥ್ರೊಮೈಸಿನ್ ಸಿರಪ್ಪನ್ನು ಹೊರಗೇ ಇಡಬೇಕು. ಲೇಬಲ್ ಹೇಳಿದ್ದೇ ಕೊನೆ.

ಬೆರೆಸುವಾಗ ಆಗುವ ಎಡವಟ್ಟು ಇನ್ನೂ ಹೆಚ್ಚು. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಿ. ಅಲುಗಾಡದಷ್ಟು ಗಟ್ಟಿ ಹೆಂಟೆಯಾಗಿದ್ದರೆ ತೇವ ಹೊಕ್ಕಿರಬಹುದು, ಅದನ್ನು ಹಿಂದಿರುಗಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿಗಿಂತ ಕೆಳಗೆ ಹಾಕಿ ಚೆನ್ನಾಗಿ ಕುಲುಕಿ. ಬಿಸಿ ನೀರಾದರೆ ಉಂಗುರ ಅಲ್ಲೇ ಒಡೆಯತೊಡಗುತ್ತದೆ. ನೊರೆ ಇಳಿದ ಮೇಲೆ ಗುರುತಿನ ತನಕ ತುಂಬಿಸಿ ಮತ್ತೆ ಕುಲುಕಿ. ನೊರೆಯನ್ನೇ ಗುರುತೆಂದು ಬಗೆದರೆ ನೀರು ಕಡಿಮೆಯಾಗಿ ಡೋಸ್ ಏರುತ್ತದೆ. ಉಲ್ಟಾ, ನೀರು ಹೆಚ್ಚಾಗಿ 30 ಮಿಲಿ ಆಗಬೇಕಾದ್ದು 40 ಮಿಲಿ ಆದರೆ 5 ಮಿಲಿಯಲ್ಲಿ 125 ಮಿಲಿಗ್ರಾಂ ಬದಲು ಸುಮಾರು 94 ಮಾತ್ರ. ಔಷಧಿ ತಳಕ್ಕಿಳಿಯುವುದರಿಂದ ಪ್ರತಿ ಸಲವೂ ಕುಲುಕಿಯೇ ಅಳೆಯಿರಿ.

ಬಣ್ಣ ಕಂದಾದರೆ ಚೆಲ್ಲಿ. ಆದರೆ ಬಣ್ಣ, ವಾಸನೆ ಬದಲಾಗಿಲ್ಲವೆಂದು ನಂಬಬೇಡಿ, ಸತ್ವ ಇಳಿದಿದ್ದು ಕಣ್ಣಿಗೆ ಕಾಣುವುದಿಲ್ಲ. ಬೆರೆಸಿದ ದಿನವೇ ಲೇಬಲ್ ಮೇಲೆ ತಾರೀಖು ಬರೆಯಿರಿ. ವೈದ್ಯರು 10 ದಿನಕ್ಕೆ ಎರಡು ಬಾಟಲಿ ಬರೆದಿದ್ದರೆ ಎರಡನ್ನೂ ಒಟ್ಟಿಗೇ ಬೆರೆಸಬೇಡಿ. ಮೊದಲನೆಯದು ಮುಗಿದ ಮೇಲೆ, ಅಥವಾ ಅದರ ಅವಧಿ ತೀರಿದ ಮೇಲೆ, ಎರಡನೆಯದಕ್ಕೆ ನೀರು ಹಾಕಿ.