ಡಬಲ್ ಮಾರ್ಕರ್: ಯಾರೂ ಓದದ ನಡುವಿನ ಸಾಲು

ಗರ್ಭಿಣಿಯರಿಗೆ ಮೂರನೇ ತಿಂಗಳಲ್ಲಿ ಮಾಡುವ ರಕ್ತಪರೀಕ್ಷೆ ಡಬಲ್ ಮಾರ್ಕರ್. ಅದರ ರಿಪೋರ್ಟ್ ಕೈಗೆ ಬಂದೊಡನೆ ಎಲ್ಲರ ಕಣ್ಣೂ ಕೊನೆಯ ಸಾಲಿಗೇ ಹೋಗುತ್ತದೆ. ಅಲ್ಲಿ ‘ಲೋ ರಿಸ್ಕ್’ ಎಂದಿದ್ದರೆ ಸರಿ, ಹಾಳೆ ಮಡಚಿಕೊಂಡು ತಾಯಿ ಕಾರ್ಡಿನೊಳಗೆ ಸೇರಿತು. ಹಿಂದೆಯೇ ಪ್ರಶ್ನೆ: “ಹಾಗಾದ್ರೆ ನಾರ್ಮಲ್ ಡೆಲಿವರಿ ಆಗುತ್ತೆ ಅಲ್ವಾ ಮೇಡಂ?” ಆ ಸಾಲು ಹೇಳುವುದು ಡೌನ್ ಸಿಂಡ್ರೋಮ್‌ನಂಥ ಕ್ರೋಮೋಸೋಮ್ ತೊಂದರೆಯ ಸಾಧ್ಯತೆಯನ್ನಷ್ಟೇ. ಮಗು ಅಡ್ಡ ನಿಲ್ಲುತ್ತದೆಯೇ, ಸಿಸೇರಿಯನ್ ಬೇಕಾಗುತ್ತದೆಯೇ ಎಂಬುದನ್ನು ಮೂರನೇ ತಿಂಗಳ ರಕ್ತ ಹೇಳಲಾರದು.

ಮುಂದಿನ ತಿಂಗಳುಗಳ ಸುಳಿವು ಸ್ವಲ್ಪವಾದರೂ ಇರುವುದು ನಡುವಿನ ‘ಪ್ಯಾಪ್-ಎ’ ಸಾಲಿನಲ್ಲಿ. ಇದು ಮಾಸು ತಯಾರಿಸುವ ಪ್ರೋಟೀನ್. ಅಷ್ಟೇ ದಿನದ ಗರ್ಭಿಣಿಯರ ನಡುಮಟ್ಟವನ್ನು 1 ಎಂದಿಟ್ಟುಕೊಂಡರೆ ನಿಮ್ಮದೆಷ್ಟು ಎಂಬುದೇ ಅದರ ಮುಂದಿನ ‘ಎಂಒಎಂ’ ಅಂಕಿ. ಮಗುವಿನ ಕ್ರೋಮೋಸೋಮ್ ಸರಿಯಿದ್ದೂ ಈ ಅಂಕಿ ಸುಮಾರು 0.4ಕ್ಕಿಂತ ಕೆಳಗಿದ್ದರೆ, ಮಗು ಸಣ್ಣದಾಗುವ, ತಾಯಿಗೆ ಬಿಪಿ ಏರಿ ಅಂಗಾಂಗಗಳಿಗೂ ತೊಂದರೆ ಕೊಡುವ ಪ್ರಿಎಕ್ಲಾಂಪ್ಸಿಯಾ ಆಗುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹಾಗೆಂದು ಅಳುತ್ತ ಕೂರಬೇಡಿ; ಇಂಥವರಲ್ಲೂ ಹೆಚ್ಚಿನವರು ಆರೋಗ್ಯವಂತ ಮಗುವನ್ನೇ ಹೆರುತ್ತಾರೆ.

ಆದರೆ ಆ ಅಂಕಿಯನ್ನು ನಂಬುವ ಮೊದಲು ಲ್ಯಾಬಿನ ಫಾರಂ ನೋಡಿ. ಎಷ್ಟು ಸಲ ಹೇಳಿದರೂ ಜನ ತಲೆಗೆ ಹಾಕಿಕೊಳ್ಳದ ವಿಷಯವಿದು. ಯಂತ್ರ ಅಳೆಯುವುದು ರಕ್ತದಲ್ಲಿರುವ ಪ್ರಮಾಣವನ್ನು. ಎಂಒಎಂ ಬರುವುದು ಫಾರಂನಲ್ಲಿ ಬರೆದ ತೂಕ ಮತ್ತು ದಿನಗಳ ಲೆಕ್ಕ ಹಾಕಿದ ಮೇಲೆ. ಮೈತೂಕ ಹೆಚ್ಚಿದ್ದವರ ದೇಹದಲ್ಲಿ ರಕ್ತವೂ ಹೆಚ್ಚು, ಅಷ್ಟೇ ಪ್ರೋಟೀನ್ ಅದರಲ್ಲಿ ತೆಳುವಾಗುತ್ತದೆ. ಈಗ 68 ಕೆಜಿ ಇರುವವರು ಮದುವೆಗೆ ಮುಂಚಿನ 54 ಬರೆಸಿದರೆ ಕಂಪ್ಯೂಟರ್ ಹೆಚ್ಚು ಪ್ರೋಟೀನ್ ನಿರೀಕ್ಷಿಸುತ್ತದೆ. ಅಷ್ಟು ಸಿಗುವುದಿಲ್ಲ, ಎಂಒಎಂ ಸುಮ್ಮನೆ ಕೆಳಗಿಳಿಯುತ್ತದೆ.

ದಿನದ ತಪ್ಪು ಇನ್ನೂ ಕೆಟ್ಟದ್ದು. ಮುಟ್ಟು ತಡವಾಗಿ ಆಗುವವರು ಮುಟ್ಟಿನ ತಾರೀಖಿನ ಲೆಕ್ಕದಲ್ಲಿ 13 ವಾರ ಎನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಮಗುವಿನ ಉದ್ದ 50 ಮಿ.ಮೀ., ಅಂದರೆ ಸುಮಾರು 11 ವಾರ 5 ದಿನ. ಈ ಹೊತ್ತಿನಲ್ಲಿ ಪ್ಯಾಪ್-ಎ ವಾರವಾರಕ್ಕೂ ಏರುತ್ತದೆ, ಇದೇ ಪರೀಕ್ಷೆಯಲ್ಲಿ ಜೊತೆಗೆ ನೋಡುವ ಬೀಟಾ ಎಚ್‌ಸಿಜಿ ಎಂಬ ಹಾರ್ಮೋನ್ ಇಳಿಯುತ್ತದೆ. 13 ಎಂದು ಬರೆದರೆ ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು ಎಂದು ಕಾಣುತ್ತದೆ. ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರವೂ ಇದೇ. ಒಂದು ತಾರೀಖಿನಿಂದ ಮನೆಯವರಿಗೆಲ್ಲ ವಾರಗಟ್ಟಲೆ ನಿದ್ದೆಯಿಲ್ಲ. ಆದ್ದರಿಂದ ಮೊದಲು ಸ್ಕ್ಯಾನ್ (ಮಗುವಿನ ಉದ್ದ 45ರಿಂದ 84 ಮಿ.ಮೀ. ಒಳಗಿರಬೇಕು), ಆ ರಿಪೋರ್ಟ್ ಹಿಡಿದು ಲ್ಯಾಬಿಗೆ, ಅಲ್ಲೇ ತೂಕದ ಯಂತ್ರದ ಮೇಲೆ ನಿಂತು ತೂಕ ಬರೆಸಿ, ಆಮೇಲೆ ರಕ್ತ. ಅವಳಿ, ಐವಿಎಫ್, ಸಕ್ಕರೆ ಕಾಯಿಲೆ, ಸಿಗರೇಟು ಇದ್ದರೆ ಮುಚ್ಚಿಡಬೇಡಿ, ಲೆಕ್ಕ ಬದಲಾಗುತ್ತದೆ. ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದೇ ಬನ್ನಿ.

ಫಾರಂ ಸರಿಯಿದ್ದೂ ಪ್ಯಾಪ್-ಎ ಕಡಿಮೆಯೆನಿಸಿದರೆ, ಅದೊಂದನ್ನೇ ಹಿಡಿದು ತೀರ್ಮಾನಕ್ಕೆ ಬರುವುದಿಲ್ಲ. ಐದು ನಿಮಿಷ ಸುಮ್ಮನೆ ಕೂರಿಸಿ ಎರಡೂ ತೋಳಿನಲ್ಲಿ ಬಿಪಿ, ಗರ್ಭಕೋಶದ ರಕ್ತನಾಳಗಳಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ಸಿಗುವ ಕಡೆ ಪಿಎಲ್‌ಜಿಎಫ್ ಎಂಬ ಇನ್ನೊಂದು ರಕ್ತಪರೀಕ್ಷೆ, ಹಿಂದಿನ ಹೆರಿಗೆಯ ಚರಿತ್ರೆ, ಎಲ್ಲ ಕೂಡಿಸಿ ನೋಡಬೇಕು. ಪ್ರಿಎಕ್ಲಾಂಪ್ಸಿಯಾ ಅಪಾಯ ಹೆಚ್ಚೆಂದು ಕಂಡರೆ ರಾತ್ರಿ ಮಲಗುವಾಗ 150 ಮಿ.ಗ್ರಾಂ. ಆಸ್ಪಿರಿನ್, 36 ವಾರದವರೆಗೆ. 2017ರಲ್ಲಿ ಪ್ರಕಟವಾದ ಆಸ್ಪ್ರೆ ಅಧ್ಯಯನದಲ್ಲಿ ಇದರಿಂದ, 37 ವಾರಕ್ಕೆ ಮೊದಲೇ ಹೆರಿಗೆಯಾಗಬೇಕಾದಂಥ ಪ್ರಿಎಕ್ಲಾಂಪ್ಸಿಯಾ ಶೇ 62ರಷ್ಟು ಕಡಿಮೆಯಾಯಿತು. ಹೊಟ್ಟೆಹುಣ್ಣು, ಆಸ್ಪಿರಿನ್ ಅಲರ್ಜಿ ಇರುವವರಿಗೆ ಇದು ಆಗದು. ಪಕ್ಕದ ಮನೆಯವರ ಮಾತ್ರೆ ತಂದು ನುಂಗಬೇಡಿ. ಏಳನೇ ತಿಂಗಳಿನಿಂದಾಚೆ ಮಗುವಿನ ಬೆಳವಣಿಗೆಯ ಸ್ಕ್ಯಾನ್‌ಗಳನ್ನೂ ತಪ್ಪಿಸಬಾರದು.

ಈ ಮಾತ್ರೆ 16 ವಾರದೊಳಗೆ ಶುರುವಾಗಬೇಕು, ತಡವಾದಷ್ಟೂ ಪ್ರಯೋಜನ ಕಡಿಮೆ. ನಮ್ಮಲ್ಲಿ ‘ಮೂರು ತುಂಬಲಿ, ಆಮೇಲೆ ಹೇಳೋಣ’ ಎಂದು ಕಾಯುತ್ತಾರೆ. ಬಂಧುಬಳಗಕ್ಕೆ ಯಾವಾಗಲಾದರೂ ಹೇಳಿಕೊಳ್ಳಿ. ಪರೀಕ್ಷೆಗೆ ಇರುವ ಅವಧಿ 11 ವಾರದಿಂದ 13 ವಾರ 6 ದಿನದವರೆಗೆ. 15ನೇ ವಾರ ಬಂದವರಿಗೆ ಡಬಲ್ ಮಾರ್ಕರ್ ಮಾಡಲು ಬರುವುದಿಲ್ಲ.