ಉಪಗ್ರಹದ ಕಕ್ಷೆ: ಎತ್ತರ ಹೇಳಿದರೆ ವೇಗ ಹೇಳಿದಂತೆ

ಕಕ್ಷೆಗಳ ಹೆಸರು ಉರು ಹೊಡೆಯುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಗುಂಡಗಿನ ಕಕ್ಷೆಯಲ್ಲಿ ಎತ್ತರ, ವೇಗ ಎರಡನ್ನೂ ನಮ್ಮಿಷ್ಟದಂತೆ ಆರಿಸಲು ಬರುವುದಿಲ್ಲ. ಎತ್ತರ ಗೊತ್ತಾದರೆ ವೇಗವೂ ಗೊತ್ತಾಯಿತು, ಒಂದು ಸುತ್ತಿನ ಸಮಯವೂ ಗೊತ್ತಾಯಿತು. ಮೇಲೆ ಹೋದಷ್ಟೂ ನಿಧಾನ. ಉಪಗ್ರಹದ ತೂಕಕ್ಕೂ ಇದಕ್ಕೂ ಸಂಬಂಧವಿಲ್ಲ.

ಕೆಳ ಕಕ್ಷೆ ಅಂದರೆ 2,000 ಕಿ.ಮೀ. ಒಳಗಿನದು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಮೇಲಿದೆ. ಅಲ್ಲಿ ಗುರುತ್ವ ಇಲ್ಲ ಎಂದು ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ. ನೆಲದ ಮೇಲಿರುವುದರ ಶೇ. 89ರಷ್ಟು ಅಲ್ಲೂ ಇದೆ. ನಿಲ್ದಾಣ ಬೀಳುತ್ತಲೇ ಇರುತ್ತದೆ. ಆದರೆ ಸೆಕೆಂಡಿಗೆ 7.7 ಕಿ.ಮೀ. ಮುಂದಕ್ಕೆ ಓಡುತ್ತದೆ, ಅದು ಬಿದ್ದಷ್ಟೇ ಕೆಳಗೆ ಭೂಮಿಯೂ ಬಾಗಿರುತ್ತದೆ. ಹಾಗಾಗಿ ನೆಲ ಸಿಗುವುದೇ ಇಲ್ಲ. ಒಂದು ಸುತ್ತಿಗೆ ಸುಮಾರು 92 ನಿಮಿಷ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಸೂರ್ಯಸ್ಥಿರ ಕಕ್ಷೆ. ನೆಲದ ಚಿತ್ರ ತೆಗೆಯುವ ಎಷ್ಟೋ ಉಪಗ್ರಹಗಳು 600ರಿಂದ 800 ಕಿ.ಮೀ. ಎತ್ತರದಲ್ಲಿ, ಧ್ರುವಗಳ ಹತ್ತಿರ ಹಾದು ಹೀಗೆ ಸುತ್ತುತ್ತವೆ. ಒಂದು ಜಾಗದ ಮೇಲೆ ಯಾವಾಗ ಬಂದರೂ ಅಲ್ಲಿನ ಸೂರ್ಯನ ಗಂಟೆ ಹೆಚ್ಚುಕಡಿಮೆ ಅದೇ ಆಗಿರಬೇಕು. ಆಗಲೇ ಇವತ್ತಿನ ಚಿತ್ರವನ್ನು ಹೋದ ವಾರದ್ದರ ಜೊತೆ ಹೋಲಿಸಬಹುದು. ಬೆಳಗಿನ ನೆರಳು, ಸಂಜೆಯ ನೆರಳು ಬೆರೆತರೆ ಹೋಲಿಕೆ ಕೆಡುತ್ತದೆ, ಅಲ್ವಾ? ಭೂಮಿ ಸೂರ್ಯನ ಸುತ್ತ ದಿನಕ್ಕೆ ಸುಮಾರು ಒಂದು ಡಿಗ್ರಿ ಸಾಗುತ್ತದೆ, ಅದಕ್ಕೆ ಕಕ್ಷೆಯೂ ದಿನಕ್ಕೆ ಅಷ್ಟೇ ತಿರುಗಬೇಕು. ಇದಕ್ಕೆ ಇಂಧನ ಸುಡಬೇಕಿಲ್ಲ. ಭೂಮಿಯ ನಡು ಸ್ವಲ್ಪ ಉಬ್ಬಿದೆ. ಕಕ್ಷೆಯನ್ನು ಸಮಭಾಜಕಕ್ಕೆ ಸುಮಾರು 98 ಡಿಗ್ರಿ ಓರೆ ಇಟ್ಟರೆ ಸಾಕು, ಆ ಉಬ್ಬಿನ ಸೆಳೆತವೇ ಅದನ್ನು ತಿರುಗಿಸುತ್ತದೆ.

ಮಧ್ಯ ಕಕ್ಷೆಯಲ್ಲಿ ಜಿಪಿಎಸ್ ನೆನಪಿಟ್ಟರೆ ಸಾಕು: 20,200 ಕಿ.ಮೀ., ದಿನಕ್ಕೆ ಎರಡು ಸುತ್ತು.

ಭೂಸ್ಥಿರ ಕಕ್ಷೆ 35,786 ಕಿ.ಮೀ. ಮೇಲೆ, ಸಮಭಾಜಕದ ನೇರಕ್ಕೆ. ಸುತ್ತಿಗೆ 23 ಗಂಟೆ 56 ನಿಮಿಷ. ಭೂಮಿ ತನ್ನ ಸುತ್ತ ತಿರುಗಲು ಹಿಡಿಯುವುದೂ ಅಷ್ಟೇ. ಅದಕ್ಕೇ ಟಿವಿ ಡಿಶ್ ಅನ್ನು ಒಂದು ಸಲ ತಿರುಗಿಸಿಟ್ಟರೆ ಮುಗಿಯಿತು. ಆದರೆ ಧ್ರುವದ ಹತ್ತಿರದವರಿಗೆ ಈ ಉಪಗ್ರಹ ದಿಗಂತದ ಕೆಳಗೇ ಉಳಿಯುತ್ತದೆ.

ಉತ್ತರದ ಆ ಕೊರತೆಗೆ ಸೋವಿಯತ್ ಒಕ್ಕೂಟ 1965ರಲ್ಲಿ ಮೊಲ್ನಿಯಾ ಉಪಗ್ರಹ ಹಾರಿಸಿತು. ಅದರ ಕಕ್ಷೆ ಉದ್ದನೆಯ ಮೊಟ್ಟೆಯ ಆಕಾರದ್ದು. ಒಂದು ತುದಿ ಕೆಲವೇ ನೂರು ಕಿ.ಮೀ., ಇನ್ನೊಂದು ಸುಮಾರು 40,000. ಇಲ್ಲಿ ಒಂದೇ ಸುತ್ತಿನಲ್ಲಿ ಎತ್ತರ ಬದಲಾಗುತ್ತದೆ, ಜೊತೆಗೆ ವೇಗವೂ. ಕೆಳಗೆ ಬಾಣದಂತೆ ಹಾದು ಹೋಗುವ ಉಪಗ್ರಹ ಮೇಲೆ ತೆವಳುತ್ತದೆ. ಆ ಮೇಲಿನ ತುದಿಯನ್ನು ಉತ್ತರದ ಮೇಲೆ ಇಟ್ಟಿದ್ದರಿಂದ, 12 ಗಂಟೆಯ ಸುತ್ತಿನಲ್ಲಿ ಹೆಚ್ಚಿನ ಹೊತ್ತು ಅದು ಅಲ್ಲಿಯವರ ಕಣ್ಣೆದುರೇ ಇರುತ್ತದೆ.